ಮೀನಿನ ಬೆಳವಣಿಗೆಗೆ ತಕ್ಕ ನೀರಿನ ಅಳತೆ
ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೊಟ್ಟಿ, ಹೊಂಡ ಮತ್ತು ಕೆರೆಗಳಿಗೆ ಅನ್ವಯಿಸುವ ವಿಚಾರ

ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಜಲಾಶ್ರಯಗಳಿಗೆ ಕೊರತೆಯಿಲ್ಲ. ಸಾಗರದ ಊರಿಗೆ ಹೆಸರನ್ನು ಕೊಟ್ಟ ಸದಾಶಿವಸಾಗರವು ಇಂದು ಗಣಪತಿ ಕೆರೆಯೆಂದು ಪ್ರಸಿದ್ಧವಾಗಿದೆ. ಆನಂದಪುರದ ಚಂಪಕಸರಸ್ಸು, ನಗರದ ಸಮೀಪದ ದೇವಗಂಗೆಯ ಕೊಳಗಳು, ಹೊಂಬುಜದ ಮುತ್ತಿನ ಕೆರೆ ಇವೆಲ್ಲವೂ ಪೂರ್ವಿಕರು ನೀರನ್ನು ಎಷ್ಟು ಆದರದಿಂದ ಕಾಪಾಡಿದರೆಂಬುದಕ್ಕೆ ಸಾಕ್ಷಿಗಳು. ಇವಲ್ಲದೆ ಅಡಿಕೆ ತೋಟದ ತಲೆಯಲ್ಲಿ ಒಂದು ಹೊಂಡ, ಗದ್ದೆ ಬಯಲಿನ ಮೇಲ್ಗಡೆ ಒಂದು ಕೆರೆ ಇಲ್ಲದ ಗ್ರಾಮಗಳು ವಿರಳ. ಇತ್ತೀಚೆಗೆ ಮನೆಯ ಜಗುಲಿಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಅಂದದ ಮೀನುಗಳನ್ನು ಸಾಕುವ ಪದ್ಧತಿಯೂ ಹಳ್ಳಿಗಳನ್ನು ಪ್ರವೇಶಿಸಿದೆ.

ತೊಟ್ಟಿಯಾಗಲಿ, ಹೊಂಡವಾಗಲಿ, ಕೆರೆಯಾಗಲಿ, ಮೀನು ಸಾಕುವವರಿಗೆ ಸಂಭವಿಸುವ ನಷ್ಟಗಳಲ್ಲಿ ಬಹುಪಾಲಿಗೆ ಮೂಲ ಒಂದೇ. ಮೀನನ್ನು ಕೊಳ್ಳುವಾಗ ಅದು ಮರಿಯಾಗಿರುತ್ತದೆ. ನೀರನ್ನು ಅಳೆಯುವಾಗ ಅದು ತುಂಬಿರುತ್ತದೆ. ಮರಿಯು ಬೆಳೆಯುತ್ತದೆ, ನೀರು ಇಳಿಯುತ್ತದೆ. ಆದಕಾರಣ ಮೀನಿಗೆ ಬೇಕಾದ ಸ್ಥಳವನ್ನು ಅದರ ಪೂರ್ಣ ಬೆಳವಣಿಗೆಯ ಗಾತ್ರದಿಂದಲೂ, ಹೊಂಡದ ಯೋಗ್ಯತೆಯನ್ನು ಬೇಸಗೆಯಲ್ಲಿ ಉಳಿಯುವ ನೀರಿನಿಂದಲೂ ನಿರ್ಣಯಿಸತಕ್ಕದ್ದು. ಈ ನಿಯಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

1. "ಶಾರ್ಕ್" ಎಂಬ ಹೆಸರಿನ ಮೀನುಗಳು

ಪೇಟೆಯ ಅಂಗಡಿಗಳಲ್ಲಿ ಗಾಜಿನ ತೊಟ್ಟಿಗೆಂದು ಮಾರುವ ಮರಿಗಳಲ್ಲಿ ಕೆಲವನ್ನು "ಶಾರ್ಕ್" ಎಂದು ಕರೆಯುತ್ತಾರೆ. ನೆಟ್ಟಗೆ ನಿಂತ ಬೆನ್ನಿನ ಈಜುರೆಕ್ಕೆ ಮತ್ತು ಚೂಪಾದ ಮೈಕಟ್ಟುಗಳಿಂದ ಈ ಹೆಸರು ಬಂದಿದೆಯೇ ಹೊರತು ಇವು ನಿಜವಾದ ಶಾರ್ಕುಗಳಲ್ಲ. ನಿಜವಾದ ಶಾರ್ಕಿಗೆ ಎಲುಬಿಲ್ಲ, ಮೃದ್ವಸ್ಥಿ ಮಾತ್ರ ಉಂಟು. ಅದರ ಜಾತಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಉಪ್ಪುನೀರಿನ ಸಮುದ್ರದಲ್ಲಿ ಜೀವಿಸತಕ್ಕವು. ಅಂಗಡಿಯಲ್ಲಿ ದೊರೆಯುವ ಸಿಹಿನೀರಿನ "ಶಾರ್ಕು"ಗಳು ಗೆಂಡೆಯ ವರ್ಗಕ್ಕೋ ಮೀಸೆಮೀನಿನ ವರ್ಗಕ್ಕೋ ಸೇರಿದವು. ಅವುಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಕೆಂಪು ಬಾಲದ ಕಪ್ಪು ಶಾರ್ಕ್. ಥಾಯ್ಲೆಂಡ್ ದೇಶದ ಈ ಮೀನು ಸುಮಾರು 6 ಅಂಗುಲ ಬೆಳೆಯುತ್ತದೆ. ತನ್ನ ಜಾತಿಯ ಇನ್ನೊಂದನ್ನು ಸಹಿಸದೆ ಅಟ್ಟಿಸಿಕೊಂಡು ಹೋಗುವುದರಿಂದ ಒಂದು ತೊಟ್ಟಿಗೆ ಒಂದೇ ಸಾಕು. ಎರಡನೆಯದು ಬಾಲಾ ಶಾರ್ಕ್. ಬೆಳ್ಳಿಯ ಮೈಗೆ ಕಪ್ಪು ಅಂಚಿನ ರೆಕ್ಕೆಗಳಿರುವ ಈ ಮೀನನ್ನು ಮೂರು ಅಂಗುಲದ ಮರಿಯಾಗಿದ್ದಾಗ ಮಾರುತ್ತಾರೆ; ಅದು ಸುಮಾರು 14 ಅಂಗುಲದವರೆಗೆ ಬೆಳೆಯುತ್ತದೆ ಮತ್ತು ಗುಂಪಿನಲ್ಲಿರಲು ಬಯಸುತ್ತದೆ. ಮೂರನೆಯದು ಪಂಗಾಸಿಯಸ್ ಎಂಬ ಮೀಸೆಮೀನು. ಆಗ್ನೇಯ ಏಷ್ಯದ ಮೆಕಾಂಗ್ ನದಿಯಲ್ಲಿ ಇದು 4 ಅಡಿಗೂ ಹೆಚ್ಚು ಉದ್ದವಾಗಿ 40 ಕಿಲೋಗ್ರಾಂ ಮೀರಿ ತೂಗುವುದುಂಟು. ಅಂಗೈಯಗಲದ ತೊಟ್ಟಿಯಲ್ಲಿಡುವ ಮರಿಯೂ ಇದೇ ಜಾತಿಯದು.

ನಮ್ಮ ನದಿಗಳಲ್ಲಿಯೂ "ಸಿಹಿನೀರಿನ ಶಾರ್ಕ್" ಎಂಬ ಅಡ್ಡಹೆಸರನ್ನು ಪಡೆದ ಮೀನೊಂದುಂಟು. ಅದು ಬಾಳೆ ಮೀನು. ಅಗಲವಾದ ಬಾಯಿ, ಸಾಲುಹಲ್ಲುಗಳು, ಬೇಟೆಯ ಸ್ವಭಾವ ಇವು ಅದಕ್ಕೆ ಆ ಹೆಸರನ್ನು ತಂದಿವೆ. ಒಂದು ಮೀಟರಿಗೂ ಹೆಚ್ಚು ಬೆಳೆಯಬಲ್ಲ ಈ ಮೀನು ತೊಟ್ಟಿಗೂ ತಕ್ಕದ್ದಲ್ಲ, ಗೆಂಡೆ ಮರಿಗಳನ್ನು ಬಿಟ್ಟ ಕೆರೆಗೂ ತಕ್ಕದ್ದಲ್ಲ.

2. ಮನೆಯ ತೊಟ್ಟಿಯ ಅಳತೆ

ತೊಟ್ಟಿಯ ನೀರಿನ ಪರಿಮಾಣವನ್ನು ತಿಳಿಯಲು ಉದ್ದ, ಅಗಲ ಮತ್ತು ನೀರಿನ ಎತ್ತರಗಳನ್ನು ಅಡಿಗಳಲ್ಲಿ ಅಳೆದು ಗುಣಿಸಿ, ಬಂದ ಘನ ಅಡಿಗಳನ್ನು 28ರಿಂದ ಗುಣಿಸಿದರೆ ಸರಿಸುಮಾರು ಲೀಟರುಗಳ ಸಂಖ್ಯೆ ಬರುತ್ತದೆ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುವುದರಿಂದ ತೊಟ್ಟಿಯ ಭಾರವೂ ಅದರಿಂದಲೇ ತಿಳಿಯುತ್ತದೆ.

ಈಜಾಡುವ ಮೀನಿಗೆ ಲೀಟರಿನ ಲೆಕ್ಕವೊಂದೇ ಸಾಲದು. ಅದು ಮುಂದೆ ಸಾಗಲು ಉದ್ದವೂ, ಮೈ ಬಳುಕಿಸಿ ತಿರುಗಲು ಅಗಲವೂ ಬೇಕು. ತೊಟ್ಟಿಯ ಉದ್ದವು ಬೆಳೆದ ಮೀನಿನ ಉದ್ದದ ಆರರಷ್ಟೂ, ಅಗಲವು ಎರಡರಷ್ಟೂ ಇರಬೇಕೆಂಬುದನ್ನು ಕನಿಷ್ಠ ನಿಯಮವಾಗಿ ಇಟ್ಟುಕೊಳ್ಳಬಹುದು. ಕೆಂಪು ಬಾಲದ ಶಾರ್ಕಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ನೀರಿನ ತೊಟ್ಟಿ ಸಾಕು; ಅದರಲ್ಲಿ ಸುಮಾರು 250 ಲೀಟರು ನೀರಿರುತ್ತದೆ. ಬಾಲಾ ಶಾರ್ಕಿನ ಒಂದು ಸಣ್ಣ ಗುಂಪಿಗೆ 7 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ನೀರು ಬೇಕಾಗುತ್ತದೆ. ಅದು 980 ಲೀಟರು, ಅಂದರೆ ಸುಮಾರು ಒಂದು ಟನ್ ಭಾರ. ಇಂತಹ ತೊಟ್ಟಿಯನ್ನು ಮಲೆನಾಡಿನ ಮರದ ಅಟ್ಟದ ಮೇಲೆ ಇಡಲಾಗದು. ನೆಲದ ಮೇಲೆ ಭದ್ರವಾದ ಕಟ್ಟೆಯನ್ನು ಕಟ್ಟಿಯೇ ಇಡಬೇಕು. ಪಂಗಾಸಿಯಸ್ಸಿಗೆ ಇದೇ ಲೆಕ್ಕದಂತೆ 24 ಅಡಿಯ ತೊಟ್ಟಿ ಬೇಕಾಗುವುದರಿಂದ ಅದು ಮನೆಯ ಮೀನೇ ಅಲ್ಲವೆಂದು ತಿಳಿಯತಕ್ಕದ್ದು. ನಿಜವಾದ ಶಾರ್ಕುಗಳಲ್ಲಿ ಚಿಕ್ಕವೆನಿಸಿದ ಬಿದಿರು ಶಾರ್ಕಿನಂತಹವೂ ಎರಡೂವರೆ ಅಡಿ ಬೆಳೆಯುತ್ತವೆ. ಅದಕ್ಕೆ 15 ಅಡಿ ಉದ್ದ, 5 ಅಡಿ ಅಗಲದ ಕೊಳದ ತುಂಬ ಉಪ್ಪುನೀರು ಬೇಕು. ಘಟ್ಟದ ಮೇಲಿನ ಮನೆಗಳಲ್ಲಿ ಅದನ್ನು ಸಾಕುವ ಆಲೋಚನೆಯನ್ನು ಬಿಡುವುದೇ ಲೇಸು.

ಗಾಜಿಗೆ ಬದಲಾಗಿ ಅಂಗಳದಲ್ಲಿ ಸಿಮೆಂಟಿನ ತೊಟ್ಟಿಯನ್ನು ಕಟ್ಟಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಹೊಸ ಸಿಮೆಂಟಿನಿಂದ ಕ್ಷಾರವು ನೀರಿಗೆ ಇಳಿಯುತ್ತದೆ; ಎರಡು ಮೂರು ವಾರಗಳ ಕಾಲ ನೀರು ತುಂಬಿ ಹೊರಚೆಲ್ಲುವುದನ್ನು ಹಲವು ಬಾರಿ ಮಾಡಿದ ಮೇಲೆಯೇ ಮೀನನ್ನು ಬಿಡಬೇಕು. ಎರಡನೆಯದಾಗಿ, ಬಾಲಾ ಶಾರ್ಕಿನಂತಹ ಉಷ್ಣದೇಶದ ಮೀನುಗಳು 22ರಿಂದ 28 ಡಿಗ್ರಿ ಸೆಂಟಿಗ್ರೇಡಿನ ನೀರನ್ನು ಬಯಸುತ್ತವೆ. ಧನುರ್ಮಾಸದ ಚಳಿಯಲ್ಲಿ ಬಯಲಿನ ತೊಟ್ಟಿಯ ನೀರು ಅದಕ್ಕಿಂತ ಬಹಳ ತಣ್ಣಗಾಗುವುದರಿಂದ ಮೀನು ರೋಗಕ್ಕೆ ತುತ್ತಾಗುತ್ತದೆ.

ಮೀನಿನ ಮಲದಿಂದ ಅಮೋನಿಯವೆಂಬ ವಿಷವು ಉತ್ಪನ್ನವಾಗುತ್ತದೆ. ಅದನ್ನು ನಿರಪಾಯಕರವಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಶೋಧಕದಲ್ಲಿ ನೆಲೆಯೂರಲು ಒಂದು ತಿಂಗಳಾದರೂ ಹಿಡಿಯುತ್ತದೆ. ಆ ಅವಧಿಯಲ್ಲಿ ಒಂದೆರಡು ಮೀನುಗಳನ್ನು ಮಾತ್ರ ಇಟ್ಟು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತಿರಬೇಕು. ಸಣ್ಣ ತೊಟ್ಟಿಯಲ್ಲಿ ಈ ವಿಷವು ಬೇಗ ಗಟ್ಟಿಯಾಗುತ್ತದೆ. ನೀರು ಹೆಚ್ಚಿದ್ದಷ್ಟೂ ಸಾಕುವವನ ಅಜಾಗರೂಕತೆಯನ್ನು ಅದು ತಾಳಿಕೊಳ್ಳುತ್ತದೆ.

3. ಹೊಂಡ ಮತ್ತು ಕೆರೆಗಳಿಗೆ ಇದೇ ನಿಯಮದ ಅನ್ವಯ

ತೊಟ್ಟಿಯಲ್ಲಿ ಬೆಳೆಯುವುದು ಮೀನೊಂದೇ. ಹೊಂಡದಲ್ಲಾದರೋ ಮೀನು ಬೆಳೆದಂತೆ ನೀರೂ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಟ್ಟ ಮರಿಗಳು ಏಪ್ರಿಲ್ ತಿಂಗಳಿಗೆ ಕೊಯ್ಲಿನ ಗಾತ್ರಕ್ಕೆ ಬರುತ್ತವೆ. ಆ ವೇಳೆಗೆ ತೋಟಕ್ಕೆ ನೀರು ಹಾಯಿಸಿ, ಬಿಸಿಲಿಗೆ ಆರಿ ಹೊಂಡದ ನೀರು ತಳಕ್ಕೆ ಇಳಿದಿರುತ್ತದೆ. ಮೀನು ಅತಿ ದೊಡ್ಡದಾಗಿರುವ ಕಾಲವೂ ನೀರು ಅತಿ ಕಡಿಮೆಯಾಗಿರುವ ಕಾಲವೂ ಒಂದೇ ಆಗಿರುವುದು ಮಲೆನಾಡಿನ ಮೀನು ಸಾಕಣೆಯ ಮುಖ್ಯ ತೊಡಕು. ಆಗುಂಬೆ, ಹುಲಿಕಲ್‌ಗಳಂತಹ ಅತಿವೃಷ್ಟಿಯ ಪ್ರದೇಶಗಳೂ ಇದಕ್ಕೆ ಹೊರತಲ್ಲ. ಬಿದ್ದ ಮಳೆಯ ಬಹುಭಾಗವು ಇಳಿಜಾರಿನಲ್ಲಿ ಹರಿದುಹೋಗುತ್ತದೆ.

ಆದ್ದರಿಂದ ಹೊಂಡದ ಅಳತೆಯನ್ನು ಎರಡು ಸಲ ತೆಗೆದುಕೊಳ್ಳಬೇಕು. ಮೊದಲನೆಯದು ಕೋಡಿ ಬಿದ್ದಾಗಿನದು; ಎರಡನೆಯದು ಏಪ್ರಿಲ್ ಕೊನೆಯದು. ಏರಿಯ ಒಳಮೈಗೆ ಅಡಿಗಳ ಗುರುತು ಹಾಕಿದ ಒಂದು ಕಲ್ಲುಕಂಬವನ್ನು ನೆಟ್ಟರೆ ಎರಡು ಮೂರು ವರ್ಷಗಳ ನೀರಿನ ಇಳಿತವು ಸ್ಪಷ್ಟವಾಗಿ ತಿಳಿಯುತ್ತದೆ. ಮೀನಿನ ಲೆಕ್ಕಕ್ಕೆ ಎರಡನೆಯ ಅಳತೆಯೇ ಪ್ರಮಾಣ.

ಆಳವು ಎಷ್ಟಿರಬೇಕು? ಗೆಂಡೆ ಜಾತಿಗಳಿಗೆ 5ರಿಂದ 6 ಅಡಿ ಆಳವು ಉತ್ತಮ. ಕಡುಬೇಸಗೆಯಲ್ಲಿಯೂ 4 ಅಡಿಗೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಅದಕ್ಕೂ ಕಡಿಮೆಯಾದರೆ ನೀರು ಬಿಸಿಯೇರಿ ಮೀನು ಬಳಲುತ್ತದೆ, ಕೊಕ್ಕರೆ ನೀರುಕಾಗೆಗಳ ಕಾಟವೂ ಹೆಚ್ಚುತ್ತದೆ. ಆದರೆ ಬಾವಿಯಂತೆ ಕಿರಿದಾಗಿ ಬಹಳ ಆಳವಾಗಿ ತೋಡಿದ ಹೊಂಡವೂ ಮೀನಿಗೆ ಒಳ್ಳೆಯದಲ್ಲ. ನೀರಿಗೆ ಪ್ರಾಣವಾಯುವು ಸೇರುವುದು ಗಾಳಿ ತಾಕುವ ಮೇಲ್ಮೈಯಿಂದ ಮತ್ತು ಬಿಸಿಲು ತಾಕುವ ಮೇಲಿನ ಪದರದ ಪಾಚಿಯಿಂದ. ಆದಕಾರಣ ವಿಸ್ತಾರಕ್ಕೆ ಪ್ರಥಮ ಸ್ಥಾನ, ಆಳಕ್ಕೆ ದ್ವಿತೀಯ ಸ್ಥಾನ.

4. ಮರಿಗಳ ಸಂಖ್ಯೆ

ಸಾಧಾರಣ ಪದ್ಧತಿಯಲ್ಲಿ ಹೆಕ್ಟೇರಿಗೆ 5,000 ಬಲಿತ ಮರಿಗಳನ್ನು ಬಿಡುತ್ತಾರೆ. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್ ಆದುದರಿಂದ ಇದು ಗುಂಟೆಗೆ 50 ಮರಿಗಳೆಂದು ಆಯಿತು. ರೈತರು ನೆನಪಿನಲ್ಲಿಡಲು ಇದು ಸುಲಭವಾದ ಲೆಕ್ಕ.

ಉದಾಹರಣೆಗೆ, ಆಗಸ್ಟ್ ತಿಂಗಳಲ್ಲಿ 10 ಗುಂಟೆ ಹರಡುವ ಹೊಂಡವೊಂದು ಏಪ್ರಿಲ್ ಕೊನೆಗೆ 4 ಗುಂಟೆಗೆ ಇಳಿಯುವುದೆಂದು ಭಾವಿಸೋಣ. ತುಂಬಿದ ಹೊಂಡವನ್ನು ನೋಡಿದವನು 500 ಮರಿಗಳನ್ನು ಬಿಡುತ್ತಾನೆ. ಅವು ತಲಾ ಮುಕ್ಕಾಲು ಕಿಲೋಗ್ರಾಂ ಬೆಳೆದರೆ 375 ಕಿಲೋಗ್ರಾಂ ಮೀನು 4 ಗುಂಟೆ ನೀರಿನಲ್ಲಿ ಇಕ್ಕಟ್ಟಾಗುತ್ತದೆ. ಒಂದು ಮುಂಜಾವಿನಲ್ಲಿ ಪ್ರಾಣವಾಯು ಸಾಲದೆ ಅವು ತೇಲಿದರೆ ವರ್ಷದ ಶ್ರಮವೆಲ್ಲ ಒಂದು ರಾತ್ರಿಯಲ್ಲಿ ಹಾಳಾಗುತ್ತದೆ. ಬೇಸಗೆಯ ನೀರನ್ನು ನೋಡಿದವನು 200 ಮರಿಗಳನ್ನು ಬಿಡುತ್ತಾನೆ. ಅವನ 150 ಕಿಲೋಗ್ರಾಂ ಕೈಗೆ ಸಿಕ್ಕುತ್ತದೆ. ಹೆಚ್ಚು ಬಿಡಲೇಬೇಕೆನ್ನುವವರು ಫೆಬ್ರವರಿಯಿಂದಲೇ ದೊಡ್ಡ ಮೀನುಗಳನ್ನು ಹಿಡಿಯುತ್ತ ಬಂದು, ನೀರು ಇಳಿದಂತೆ ಮೀನಿನ ಸಂಖ್ಯೆಯನ್ನೂ ಇಳಿಸತಕ್ಕದ್ದು.

ಕಾಟ್ಲಾ ನೀರಿನ ಮೇಲ್ಪದರದಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಆಹಾರವನ್ನು ಹುಡುಕುತ್ತವೆ. 100 ಮರಿಗಳಲ್ಲಿ ಕಾಟ್ಲಾ 40, ರೋಹು 30, ಮೃಗಾಲ್ 30ರಂತೆ ಬಿಟ್ಟರೆ ಒಂದರ ಆಹಾರಕ್ಕೆ ಮತ್ತೊಂದು ಅಡ್ಡಬರುವುದಿಲ್ಲ. ಆಳ ಕಡಿಮೆಯಿದ್ದರೆ ಕಾಟ್ಲಾವನ್ನು ತಗ್ಗಿಸಿ, ತಳದಲ್ಲಿ ಮೇಯುವ ಸಾಮಾನ್ಯ ಗೆಂಡೆಯನ್ನು ಸೇರಿಸಬಹುದು. ನೀರಿನಲ್ಲಿ ಕಳೆ ಹೆಚ್ಚಿದ್ದರೆ ಹುಲ್ಲುಗೆಂಡೆ ಉಪಯುಕ್ತ. ಬೇಸಗೆಯಲ್ಲಿ ಒಂದೆರಡು ಗುಂಟೆಯಷ್ಟೂ ಉಳಿಯದ ಹೊಂಡಗಳಲ್ಲಿ ದೊಡ್ಡ ಮೀನಿನ ಆಸೆಯನ್ನು ಬಿಟ್ಟು, ಮಳೆಗಾಲದ ಎರಡು ಮೂರು ತಿಂಗಳು ಚಿಕ್ಕ ಮರಿಗಳನ್ನು 3-4 ಅಂಗುಲದ ಬಲಿತ ಮರಿಗಳಾಗಿ ಬೆಳೆಸಿ ಅಕ್ಕಪಕ್ಕದ ಕೆರೆಗಳವರಿಗೆ ಮಾರುವುದು ಲಾಭಕರ.

ಒಂದು ಕಾಲಕ್ಕೆ ಈ ಗೆಂಡೆಗಳ ಮರಿಗಳು ಉತ್ತರದ ನದಿಗಳಿಂದಲೇ ಬರಬೇಕಾಗಿತ್ತು. ಅವುಗಳ ಜೊತೆಯಲ್ಲಿ ಬೇಡದ ಜಾತಿಗಳೂ ಬೆರೆತು ಬರುತ್ತಿದ್ದವು. 1957ನೆಯ ಇಸವಿ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಗ್ರಂಥಿರಸದ ಚುಚ್ಚುಮದ್ದಿನಿಂದ ಗೆಂಡೆಯನ್ನು ಕೊಳದಲ್ಲಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆ ಆ ಕಷ್ಟವು ನಿವಾರಣೆಯಾಯಿತು. ಜಿಲ್ಲೆಯೊಳಗೇ ಭದ್ರಾ ಜಲಾಶಯದ ಬಳಿ ಮರಿಗಳ ಉತ್ಪಾದನೆ ನಡೆಯುತ್ತದೆ. ಮರಿಗಳನ್ನು ತಂದೊಡನೆ ನೀರಿಗೆ ಸುರಿಯಬಾರದು. ಚೀಲವನ್ನು ಕಾಲು ಗಂಟೆ ಹೊಂಡದ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ಹೊರಗಿನ ಶಾಖಗಳು ಸಮವಾದ ಮೇಲೆ ಮರಿಗಳು ತಾವಾಗಿ ಈಜಿ ಹೊರಬರುವಂತೆ ಮಾಡಬೇಕು.

5. ಸುಣ್ಣ, ಗೊಬ್ಬರ, ಆಹಾರ

ಮಲೆನಾಡಿನ ಜಂಬಿಟ್ಟಿಗೆಯ ನೆಲದಲ್ಲಿ ಸುಣ್ಣದ ಅಂಶವು ಮಳೆಗೆ ಕೊಚ್ಚಿಹೋಗಿ ಮಣ್ಣೂ ನೀರೂ ಹುಳಿಯಾಗಿರುತ್ತವೆ. ಹುಳಿನೀರಿನಲ್ಲಿ ಮೀನಿನ ಆಹಾರವಾದ ಸೂಕ್ಷ್ಮ ಜೀವಿಗಳು ಚೆನ್ನಾಗಿ ಹುಟ್ಟುವುದಿಲ್ಲ. ಮರಿ ಬಿಡುವುದಕ್ಕೆ ಎರಡು ವಾರ ಮುಂಚೆ ಗುಂಟೆಗೆ 5 ಕಿಲೋಗ್ರಾಂ ಸುಣ್ಣವನ್ನು ಎರಚಬೇಕು. ಮಣ್ಣು ಬಹಳ ಹುಳಿಯೆಂದು ಪರೀಕ್ಷೆಯಿಂದ ಕಂಡುಬಂದರೆ ಅದನ್ನು 10 ಕಿಲೋಗ್ರಾಂವರೆಗೆ ಹೆಚ್ಚಿಸಬಹುದು. ಒಂದು ವಾರದ ತರುವಾಯ ಗುಂಟೆಗೆ 20 ಕಿಲೋಗ್ರಾಂ ಸಗಣಿಯನ್ನೂ, ಅಲ್ಲಿಂದ ಮುಂದೆ ತಿಂಗಳಿಗೆ 10 ಕಿಲೋಗ್ರಾಂನಂತೆಯೂ ಹಾಕಬೇಕು. ಅಕ್ಕಿ ತೌಡನ್ನೂ ಕಡಲೆಕಾಯಿ ಹಿಂಡಿಯನ್ನೂ ಸಮವಾಗಿ ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ 2ರಿಂದ 3 ಪಾಲಿನಷ್ಟು ದಿನವೂ ನಿಯತವಾದ ಸ್ಥಳದಲ್ಲಿ ಕೊಡಬೇಕು.

ಆಷಾಢದ ಮೋಡ ಕವಿದ ದಿನಗಳಲ್ಲಿ ಸಗಣಿಯನ್ನು ನಿಲ್ಲಿಸುವುದು ಅವಶ್ಯ. ಬಿಸಿಲಿದ್ದಾಗ ಪಾಚಿಯು ಪ್ರಾಣವಾಯುವನ್ನು ಬಿಡುತ್ತದೆ; ರಾತ್ರಿಯಲ್ಲಿ ಪಾಚಿಯೂ, ಮೀನೂ, ಕೊಳೆಯುವ ಗೊಬ್ಬರವೂ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಬೆಳಗಿನ ಜಾವದಲ್ಲಿ ಅದರ ಪ್ರಮಾಣವು ಅತಿ ಕಡಿಮೆ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಅಪಾಯದ ಸೂಚನೆ. ಒಡನೆಯೇ ಗೊಬ್ಬರ ಮೇವುಗಳನ್ನು ನಿಲ್ಲಿಸಿ, ಹೊಸ ನೀರನ್ನು ಎತ್ತರದಿಂದ ಬೀಳಿಸಬೇಕು.

6. ಅಡಿಕೆ ತೋಟದ ಮೈಲುತುತ್ತ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ತಕ್ಕ ಔಷಧವೆಂಬುದು ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ನಡೆಸಿದ ಪರಿಶೀಲನೆಗಳಿಂದ ಸ್ಥಿರಪಟ್ಟಿತು. ಅಂದಿನಿಂದ ಮಲೆನಾಡಿನ ತೋಟಗಳನ್ನು ಅದು ಕಾಪಾಡುತ್ತ ಬಂದಿದೆ. ಆದರೆ ಅದರಲ್ಲಿರುವ ಮೈಲುತುತ್ತವು ತಾಮ್ರದ ಲವಣ. ಅತ್ಯಲ್ಪ ಪ್ರಮಾಣದಲ್ಲಿಯೂ ಅದು ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಸುಣ್ಣವಿಲ್ಲದ ಮೆದುನೀರಿನಲ್ಲಿ ಈ ವಿಷವು ಮತ್ತಷ್ಟು ತೀಕ್ಷ್ಣ. ಮಲೆನಾಡಿನ ನೀರು ಅಂತಹದೇ. ಸಿಂಪಡಣೆಯ ಕಾಲವೂ ಮರಿ ಬಿಡುವ ಕಾಲವೂ ಒಟ್ಟಿಗೆ ಬರುವುದರಿಂದ ಎಚ್ಚರಿಕೆಯು ಇಮ್ಮಡಿ ಬೇಕು.

ದ್ರಾವಣವನ್ನು ಕಲಸುವ ಪೀಪಾಯಿಗಳನ್ನು ಹೊಂಡದ ದಡದಲ್ಲಿಡಬಾರದು. ಪಂಪು, ಕೊಳವೆಗಳನ್ನು ಹೊಂಡದಲ್ಲಿ ತೊಳೆಯಬಾರದು. ತೋಟದ ಬಸಿಗಾಲುವೆಯ ನೀರು ಹೊಂಡಕ್ಕೆ ಬೀಳುವಂತಿದ್ದರೆ ಸಿಂಪಡಣೆಯ ದಿನಗಳಲ್ಲಿ ಅದನ್ನು ಬೇರೆಡೆಗೆ ತಿರುಗಿಸಬೇಕು. ಹೊಸದಾಗಿ ಹೊಂಡ ತೆಗೆಯುವವರು ತೋಟದ ಕೆಳಗಡೆಗಿಂತ ಮೇಲ್ಗಡೆ ತೆಗೆದರೆ ಈ ತೊಂದರೆಯೇ ಇರದು.

7. ಒಳಬರುವ ಮೀನು, ಹೊರಹೋಗುವ ಮೀನು

ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುಮೀನು ಏರಿ ಬರುವುದನ್ನೂ, ಅದನ್ನು ಹಿಡಿಯಲು ಕೂಣಿಗಳನ್ನು ಒಡ್ಡುವುದನ್ನೂ ಮಲೆನಾಡಿಗರು ಬಲ್ಲರು. ಅದೇ ದಾರಿಯಲ್ಲಿ ಬಾಳೆ, ಕೊರವಗಳಂತಹ ಬೇಟೆಯ ಮೀನುಗಳೂ ಸಾಕಣೆಯ ಹೊಂಡವನ್ನು ಸೇರುತ್ತವೆ. ಕೆಲವೇ ಬಾಳೆ ಮೀನುಗಳು ನೂರಾರು ಮರಿಗಳನ್ನು ತಿಂದು ತೇಗಬಲ್ಲವು. ಕೊರವವು ಗಾಳಿಯನ್ನೂ ಉಸಿರಾಡುವುದರಿಂದ ಹೊಂಡ ಬತ್ತಿದರೂ ಕೆಸರಿನಲ್ಲಿ ಉಳಿದುಕೊಂಡಿರುತ್ತದೆ. ಬೇಸಗೆಯಲ್ಲಿ ಹೊಂಡವನ್ನು ಬರಿದು ಮಾಡಿ ಇವುಗಳನ್ನು ತೆಗೆದುಹಾಕಿ, ನೀರು ಬರುವ ಕಾಲುವೆಗೂ ಕೋಡಿಗೂ ತೂಬಿಗೂ ಜಾಲರಿಯನ್ನು ಹಾಕಬೇಕು. ಕಸಕಡ್ಡಿ ಕಟ್ಟಿ ನೀರು ಏರಿಯ ಮೇಲೆ ಹರಿಯದಂತೆ ಮಳೆಗಾಲದಲ್ಲಿ ಜಾಲರಿಯನ್ನು ದಿನವೂ ಶುಚಿಮಾಡತಕ್ಕದ್ದು.

ಹೊರಗೆ ಹೋಗುವ ಮೀನಿನ ವಿಚಾರವು ಇದಕ್ಕಿಂತ ಗುರುತರವಾದದ್ದು. ತೊಟ್ಟಿಯಲ್ಲಿ ಹಿಡಿಸಲಾರದಷ್ಟು ಬೆಳೆದ ಮೀನನ್ನು ಕೊಲ್ಲಲು ಮನಸ್ಸು ಬಾರದೆ ಊರಿನ ಕೆರೆಗೋ ಹೊಳೆಗೋ ಬಿಡುವವರುಂಟು. ದಯೆಯಿಂದ ಮಾಡಿದರೂ ಇದು ಕೇಡಿನ ಕೆಲಸ. ಗಾಜಿನ ತೊಟ್ಟಿಯ ಪಾಚಿಯನ್ನು ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಹೀರುಬಾಯಿ ಮೀನು ಹೀಗೆಯೇ ಹೊರಬಿದ್ದು ಭಾರತದ ಹಲವು ರಾಜ್ಯಗಳ ಕೆರೆ ನದಿಗಳಲ್ಲಿ ಹರಡಿದೆ. ಅದರ ಒರಟು ಚಿಪ್ಪಿಗೆ ಮೀನುಗಾರರ ಬಲೆಗಳು ಹರಿಯುತ್ತವೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಆಫ್ರಿಕದ ಮೀಸೆಮೀನನ್ನು ಸಾಕುವುದನ್ನು ಸರ್ಕಾರವು ನಿಷೇಧಿಸಿದೆ.

ಶರಾವತಿ, ತುಂಗಾ ನದಿಗಳಲ್ಲಿ ಲೋಕದ ಬೇರೆ ಯಾವ ಭಾಗದಲ್ಲಿಯೂ ಇಲ್ಲದ ಪಶ್ಚಿಮಘಟ್ಟದ ಮೀನುಗಳಿವೆ. ತೀರ್ಥಹಳ್ಳಿಯ ಸಮೀಪ ಛಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ದೇವರ ಮೀನುಗಳೆಂದು ಜನರು ಕಾಪಾಡಿಕೊಂಡು ಬಂದ ದೊಡ್ಡ ಗೆಂಡೆಗಳು ತುಂಗೆಯ ಮಡುವಿನಲ್ಲಿ ನಿರ್ಭಯವಾಗಿ ವಿಹರಿಸುತ್ತವೆ. ಊರಿನ ಕೆರೆಯ ಕೋಡಿಯು ಹಳ್ಳಕ್ಕೂ, ಹಳ್ಳವು ಹೊಳೆಗೂ ಸೇರುವುದರಿಂದ, ಒಂದು ಮನೆಯ ತೊಟ್ಟಿಯಿಂದ ಹೊರಬಿದ್ದ ಪರದೇಶದ ಮೀನು ಆ ಮಡುವನ್ನೂ ಮುಟ್ಟಬಹುದು. ಬೇಡವಾದ ಮೀನನ್ನು ಕೊಂಡ ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೆ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು.

8. ಗ್ರಾಮದ ಮುಖಂಡರ ಕರ್ತವ್ಯ

ಕೆರೆಯು ಒಬ್ಬನ ಸ್ವತ್ತಲ್ಲ. ಮೀನಿಗಾಗಿ ನೀರನ್ನು ತಡೆದು ಅಚ್ಚುಕಟ್ಟಿನ ಗದ್ದೆ ಒಣಗಿದರೆ ಊರಿನಲ್ಲಿ ವ್ಯಾಜ್ಯ ಹುಟ್ಟುತ್ತದೆ. ತೂಬಿನ ನೀರನ್ನೆಲ್ಲ ಬಿಟ್ಟರೆ ಮೀನು ಸಾಯುತ್ತದೆ. ಕೆರೆಯ ತಳದಲ್ಲಿ ಎಷ್ಟು ಅಡಿ ನೀರನ್ನು ಉಳಿಸಬೇಕೆಂಬುದನ್ನು ಮರಿ ಬಿಡುವ ಮೊದಲೇ ಎಲ್ಲರೂ ಕುಳಿತು ನಿರ್ಣಯಿಸಿಕೊಂಡು ಬರೆದಿಡುವುದು ಮುಖಂಡರ ಕೆಲಸ. ಹೂಳನ್ನು ತೆಗೆಸುವಾಗ ತೂಬಿನ ಮಟ್ಟಕ್ಕಿಂತ ಕೆಳಗೆ, ಏರಿಯ ಬುಡಕ್ಕೆ ದೂರವಾಗಿ, ಒಂದು ಭಾಗವನ್ನು ಆಳಗೊಳಿಸಿದರೆ ಗದ್ದೆಗೂ ಕೊರತೆಯಾಗದೆ ಮೀನಿಗೂ ಬೇಸಗೆಯ ಆಶ್ರಯ ದೊರೆಯುತ್ತದೆ. ಹೊಸದಾಗಿ ತೆಗೆದ ಹೊಂಡಗಳ ಸುತ್ತಲೂ ಬೇಲಿಯಿರಬೇಕು. ಮಕ್ಕಳೂ ದನಕರುಗಳೂ ಜಾರಿಬಿದ್ದರೆ ಹತ್ತಿಬರಲು ಒಂದು ಬದಿಗೆ ಮೆಟ್ಟಿಲಿರಬೇಕು.

ಸಾರಾಂಶವಿಷ್ಟು. ಮರಿಯನ್ನು ನೋಡಿ ತೊಟ್ಟಿಯನ್ನು ಕೊಳ್ಳಬಾರದು. ಬೆಳೆದ ಮೀನನ್ನು ನೆನೆದು ಕೊಳ್ಳಬೇಕು. ಆಗಸ್ಟಿನ ನೀರನ್ನು ನೋಡಿ ಮರಿಯನ್ನು ಬಿಡಬಾರದು. ಏಪ್ರಿಲಿನ ನೀರನ್ನು ಅಳೆದು, ಗುಂಟೆಗೆ 50ರಂತೆ ಬಿಡಬೇಕು. ಹುಳಿನೆಲಕ್ಕೆ ಸುಣ್ಣ ಹಾಕಬೇಕು. ಮೈಲುತುತ್ತವನ್ನು ನೀರಿನಿಂದ ದೂರವಿಡಬೇಕು. ಸಾಕಿದ ಪರದೇಶದ ಮೀನನ್ನು ಕೆರೆಗೂ ಹೊಳೆಗೂ ಬಿಡಕೂಡದು. ಈ ವರ್ಷದ ಮಳೆ ಹಿಡಿಯುವುದಕ್ಕೆ ಮುಂಚೆ, ನೀರು ಅತಿ ಕೆಳಗಿರುವಾಗಲೇ, ಪ್ರತಿಯೊಬ್ಬ ಜಮೀನುದಾರನೂ ತನ್ನ ಹೊಂಡದ ಉದ್ದ, ಅಗಲ, ಆಳಗಳನ್ನು ಅಳೆದು ಬರೆದಿಟ್ಟುಕೊಂಡರೆ ಮರಿಗಳನ್ನು ತರುವ ದಿನ ಎಷ್ಟು ಬೇಕೆಂಬ ಸಂದೇಹವೇ ಉಳಿಯುವುದಿಲ್ಲ. ಜಾತಿಗಳ ಆಯ್ಕೆಯ ವಿಷಯದಲ್ಲಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಛೇರಿಯನ್ನು ವಿಚಾರಿಸಿ ಮುಂದುವರಿಯತಕ್ಕದ್ದು.